ಮುಖ ಕಾಣದವರ ಹರಟೆಕಟ್ಟೆ

ನಾರ್ವೆ ದೇಶದ ರಾಜಧಾನಿ ಆಸ್ಲೋದಲ್ಲಿ 2014ರ ನವೆಂಬರ್ 18ರಂದು ಮಾಟ್ಸ್ ಸ್ಟೇನ್ ಎಂಬ ಯುವಕ ತೀರಿಕೊಂಡ. ಆತನಿಗೆ ಆಗ 25 ವರ್ಷ. ಮೈಯ ಮಾಂಸಖಂಡಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತ ಹೋಗುವ ‘ಡುಶೇನ್’ ಎಂಬ ಹುಟ್ಟುಕಾಯಿಲೆ ಆತನನ್ನು ಬಾಲ್ಯದಲ್ಲೇ ಗಾಲಿಕುರ್ಚಿಗೆ ಕಟ್ಟಿಹಾಕಿತ್ತು. ಕೊನೆಯ ವರ್ಷಗಳಲ್ಲಿ ಬೆರಳುಗಳನ್ನು ಆಡಿಸುವುದಷ್ಟೇ ಸಾಧ್ಯವಿತ್ತು. ಆ ಬೆರಳುಗಳಿಂದ ಆತ ಮಾಡುತ್ತಿದ್ದುದು ಒಂದೇ ಕೆಲಸ: ಕಂಪ್ಯೂಟರ್ ಮುಂದೆ ಕುಳಿತು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟ ಆಡುವುದು. ಹತ್ತು ವರ್ಷಗಳಲ್ಲಿ ಆತ ಆ ಆಟದಲ್ಲಿ ಕಳೆದದ್ದು ಸಾವಿರಾರು ಗಂಟೆಗಳು.

ತಂದೆ ರಾಬರ್ಟ್ ಮತ್ತು ತಾಯಿ ಟ್ರೂಡೆ ಅವರಿಗೆ ಮಗನ ಸಾವಿಗಿಂತ ಅವನ ಬದುಕಿನ ಬಗ್ಗೆಯೇ ಹೆಚ್ಚಿನ ಕೊರಗಿತ್ತು. ಅವನಿಗೆ ಗೆಳೆಯರಿರಲಿಲ್ಲ, ಯಾರ ಬದುಕಿನಲ್ಲೂ ಅವನೊಂದು ಗುರುತು ಬಿಟ್ಟುಹೋಗಲಿಲ್ಲ ಎಂದೇ ಅವರು ತಿಳಿದಿದ್ದರು. ಮಗ ಅಂತರ್ಜಾಲದಲ್ಲಿ ತನ್ನ ಅನುಭವಗಳನ್ನು ಬರೆಯುತ್ತಿದ್ದ ಒಂದು ಪುಟವಿತ್ತು. ಅದರ ಗುಪ್ತಪದವನ್ನು ಆತ ಬಿಟ್ಟುಹೋಗಿದ್ದ. ತಂದೆ ಆ ಪುಟದಲ್ಲಿ ನಿಧನವಾರ್ತೆ ಪ್ರಕಟಿಸಿದರು. ಉತ್ತರಗಳು ಒಂದರ ಹಿಂದೊಂದು ಬರತೊಡಗಿದವು. ಬರೆದವರಾರೂ ಮಾಟ್ಸ್‌ನನ್ನು ಕಣ್ಣಾರೆ ಕಂಡವರಲ್ಲ. ಆದರೂ ಪ್ರತಿಯೊಬ್ಬರೂ ಅವನನ್ನು ತಮ್ಮ ಆಪ್ತನೆಂದೇ ಬರೆದಿದ್ದರು. ಅಂತ್ಯಸಂಸ್ಕಾರಕ್ಕೆ ಯೂರೋಪಿನ ಬೇರೆ ಬೇರೆ ದೇಶಗಳಿಂದ ಐವರು ಬಂದಿಳಿದರು.

ಕತ್ತಿ ಹಿಡಿದು ರಾಕ್ಷಸರನ್ನು ಕೊಲ್ಲುವ ಆಟವೊಂದರಲ್ಲಿ ಇಂಥ ಸ್ನೇಹ ಬೆಳೆದದ್ದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಅಲ್ಲಿಂದ ಸುಮಾರು 40 ವರ್ಷ ಹಿಂದಕ್ಕೆ, ಅಂತರ್ಜಾಲವೆಂಬುದು ಜನಸಾಮಾನ್ಯರ ಕಿವಿಗೂ ಬೀಳದಿದ್ದ ಕಾಲಕ್ಕೆ ಹೋಗಬೇಕು.

ಪಾಠದ ಯಂತ್ರದಲ್ಲಿ ಹರಟೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರ್ ‘ಪ್ಲೇಟೋ’ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಉದ್ದೇಶ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು. 1970ರ ದಶಕದ ಹೊತ್ತಿಗೆ ಕಿತ್ತಳೆ ಬಣ್ಣದ ಬೆಳಕು ಸೂಸುವ ಪರದೆಗಳುಳ್ಳ ನೂರಾರು ಟರ್ಮಿನಲ್‌ಗಳು ಒಂದೇ ದೊಡ್ಡ ಯಂತ್ರಕ್ಕೆ ತಂತಿಯ ಮೂಲಕ ಜೋಡಣೆಗೊಂಡವು. ಪಾಠಕ್ಕೆಂದು ಕೂಡಿಸಿದ ಯಂತ್ರದಲ್ಲಿ ಹುಡುಗರು ಆಟ ಬರೆದರು. ಹಲವರು ಏಕಕಾಲದಲ್ಲಿ ಆಡಬಹುದಾದ ‘ಎಂಪೈರ್’ ಎಂಬ ಅಂತರಿಕ್ಷ ಯುದ್ಧದ ಆಟ 1973ರಲ್ಲೇ ಸಿದ್ಧವಾಯಿತು.

ಅದೇ ವರ್ಷ ಮತ್ತೆರಡು ಸಂಗತಿಗಳು ನಡೆದವು. ಡೇವಿಡ್ ವೂಲಿ ಎಂಬ 17ರ ಹುಡುಗ ‘ನೋಟ್ಸ್’ ಎಂಬ ಕಾರ್ಯಕ್ರಮ ಬರೆದ. ಯಂತ್ರದ ದೋಷಗಳನ್ನು ವರದಿ ಮಾಡಲು, ಅನುಮಾನ ಕೇಳಲು ಮಾಡಿದ ವ್ಯವಸ್ಥೆ ಅದು. ಡೌಗ್ ಬ್ರೌನ್ ಎಂಬಾತ ‘ಟಾಕೋಮ್ಯಾಟಿಕ್’ ರಚಿಸಿದ. ಅದರಲ್ಲಿ ಐವರು ಒಂದೇ ಪರದೆಯ ಮೇಲೆ ಮಾತಾಡಿಕೊಳ್ಳಬಹುದಿತ್ತು. ಒಬ್ಬ ಒತ್ತಿದ ಒಂದೊಂದು ಅಕ್ಷರವೂ ಆ ಕ್ಷಣದಲ್ಲೇ ಉಳಿದ ನಾಲ್ವರಿಗೂ ಕಾಣುತ್ತಿತ್ತು. ಮೂರು ವರ್ಷಗಳ ಬಳಿಕ ‘ನೋಟ್ಸ್’ ವಿಷಯವಾರು ವಿಭಾಗಗಳಾಗಿ ಒಡೆಯಿತು. ಸಿನಿಮಾ, ಸಂಗೀತ, ವೈಜ್ಞಾನಿಕ ಕಥೆ, ಧರ್ಮ ಹೀಗೆ ಒಂದೊಂದು ಹವ್ಯಾಸಕ್ಕೂ ಒಂದೊಂದು ಜಾಗ. ಆಟ ಮುಗಿಸಿದವರು ಅಲ್ಲಿ ಕುಳಿತು ಹರಟುತ್ತಿದ್ದರು. ಮುಂದಿನ ಅರ್ಧ ಶತಮಾನದ ಕಥೆಯ ಬೀಜ ಇಲ್ಲಿದೆ: ಯಂತ್ರವನ್ನು ಕಟ್ಟಿದವರ ಉದ್ದೇಶ ಏನೇ ಇರಲಿ, ಬಂದು ಕುಳಿತವರು ಅದನ್ನು ಮಾತಿನ ಕಟ್ಟೆಯಾಗಿ ಮಾಡಿಕೊಂಡರು.

ಎಸೆಕ್ಸ್‌ನ ನಡುರಾತ್ರಿ

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ 1978ರಲ್ಲಿ ಒಂದು ಹೊಸ ಬಗೆಯ ಆಟ ಬರೆಯಲು ಕುಳಿತ. ಚಿತ್ರಗಳಿಲ್ಲ, ಬಣ್ಣವಿಲ್ಲ, ಬರಿಯ ಅಕ್ಷರಗಳ ಆಟ. ‘ನೀವೀಗ ಇಂಥ ಕೋಣೆಯಲ್ಲಿದ್ದೀರಿ, ಪೂರ್ವಕ್ಕೊಂದು ಬಾಗಿಲಿದೆ’ ಎಂಬಂಥ ವರ್ಣನೆ ಪರದೆಯ ಮೇಲೆ ಮೂಡುತ್ತದೆ. ಆಡುವವ ‘ಪೂರ್ವ’ ಎಂದು ಬರೆದರೆ ಮುಂದಿನ ಕೋಣೆ. ಇಂಥ ಆಟಗಳು ಅದಕ್ಕೂ ಮೊದಲೇ ಇದ್ದವು. ಹೊಸದೆಂದರೆ ಆ ಕೋಣೆಯಲ್ಲಿ ಮತ್ತೊಬ್ಬ ನಿಜವಾದ ಮನುಷ್ಯನೂ ಇರುವ ಸಾಧ್ಯತೆ. ಆಟಕ್ಕೆ ‘ಮಲ್ಟಿ ಯೂಸರ್ ಡಂಜನ್’ ಎಂದು ಹೆಸರಿಟ್ಟರು. ಬಾಯಲ್ಲಿ ಅದು ‘ಮಡ್’ ಆಯಿತು.

1980ರಲ್ಲಿ ಟ್ರಬ್‌ಶಾ ವಿಶ್ವವಿದ್ಯಾಲಯ ಬಿಟ್ಟಾಗ ಆಟದ ಹೊಣೆ ರಿಚರ್ಡ್ ಬಾರ್ಟಲ್ ಎಂಬ ಗೆಳೆಯನ ಹೆಗಲಿಗೆ ಬಿತ್ತು. ಹುಟ್ಟಿದ ಮನೆತನ, ಮಾತಾಡುವ ಧಾಟಿ ನೋಡಿ ಮನುಷ್ಯನ ಬೆಲೆ ಕಟ್ಟುವ ಇಂಗ್ಲಿಷ್ ಸಮಾಜದ ಬಗ್ಗೆ ಇಬ್ಬರಿಗೂ ಅಸಮಾಧಾನವಿತ್ತು. ಯಾರು ಬೇಕಾದರೂ ಸ್ವಂತ ಸಾಮರ್ಥ್ಯದಿಂದ ಮೇಲೇರಬಹುದಾದ ಲೋಕವೊಂದನ್ನು ಕಟ್ಟುವ ಆಸೆಯಿತ್ತು ಎಂದು ಬಾರ್ಟಲ್ ನಂತರದ ವರ್ಷಗಳಲ್ಲಿ ಹಲವು ಬಾರಿ ಹೇಳಿಕೊಂಡಿದ್ದಾರೆ. ಸಾಕಷ್ಟು ಅಂಕ ಗಳಿಸಿದವನು ಮಾಂತ್ರಿಕನಾಗುತ್ತಿದ್ದ. ಮಾಂತ್ರಿಕನಾದವನಿಗೆ ಆಟದಲ್ಲಿ ಗೆಲ್ಲಲು ಮತ್ತೇನೂ ಉಳಿಯುತ್ತಿರಲಿಲ್ಲ. ಹೊಸಬರಿಗೆ ದಾರಿ ತೋರಿಸುವುದು, ಜಗಳ ಬಿಡಿಸುವುದು, ಒಮ್ಮೊಮ್ಮೆ ತುಂಟಾಟ ಆಡುವುದು, ಇಷ್ಟೇ ಅವನ ಕೆಲಸ. ಊರ ಹಿರಿಯನ ಸ್ಥಾನ ಅದು.

ಹೊರಗಿನವರಿಗೂ ಆಡಲು ಅವಕಾಶವಿತ್ತು. ಆದರೆ ಯಂತ್ರಕ್ಕೆ ಬೇರೆ ಕೆಲಸವಿಲ್ಲದ ಸರಿರಾತ್ರಿಯ ಹೊತ್ತಿನಲ್ಲಿ ಮಾತ್ರ. ದೂರವಾಣಿಗೆ ಮೋಡೆಮ್ ಜೋಡಿಸಿಕೊಂಡು, ತಿಂಗಳ ಕೊನೆಗೆ ಬರಲಿರುವ ಬಿಲ್ಲಿಗೆ ಹೆದರುತ್ತ, ಇಂಗ್ಲೆಂಡಿನ ಬೇರೆ ಬೇರೆ ಊರುಗಳಿಂದ ಅವರು ಬರುತ್ತಿದ್ದರು. ನಿದ್ದೆಗೆಟ್ಟು ಬಂದವರಿಗೆ ನಿಧಿ ಹುಡುಕುವ ಹುಮ್ಮಸ್ಸಿನಷ್ಟೇ ಪರಿಚಿತರು ಬಂದಿದ್ದಾರೆಯೇ ಎಂದು ನೋಡುವ ಕಾತರವೂ ಇತ್ತು.

ಆಟದ ಪ್ರತಿಗಳು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಹರಡಿದವು. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜೇಮ್ಸ್ ಆಸ್ಪ್‌ನೆಸ್ ‘ಟೈನಿಮಡ್’ ಎಂಬ ರೂಪಾಂತರ ತಂದ. ಅದರಲ್ಲಿ ಯುದ್ಧವನ್ನೂ ಅಂಕಗಳನ್ನೂ ಬದಿಗಿಟ್ಟಿದ್ದರು. ಬಂದವರು ತಮಗಿಷ್ಟವಾದ ಕೋಣೆಗಳನ್ನು ಅಕ್ಷರದಲ್ಲೇ ಕಟ್ಟಿ, ಉಳಿದವರನ್ನು ಕರೆದು ಕೂರಿಸಿ ಮಾತಾಡಬಹುದಿತ್ತು. ಗೆಲ್ಲುವುದಕ್ಕೇ ಇಲ್ಲದ ಆಟವನ್ನು ಯಾರು ಆಡುತ್ತಾರೆ ಎಂದು ಕೇಳುವಂತಿರಲಿಲ್ಲ. ಜನ ನುಗ್ಗಿ ಬಂದರು.

ಇಸ್ಪೀಟಿನ ನಾಲ್ಕು ಬಣ್ಣ

ಜನ ಆಡುವುದು ಯಾತಕ್ಕೆ ಎಂಬ ಬಗ್ಗೆ ಹಿರಿಯ ಆಟಗಾರರ ನಡುವೆ 1989ರ ಕೊನೆಯಿಂದ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಅದನ್ನು ಆಧರಿಸಿ ಬಾರ್ಟಲ್ 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆಟಗಾರರನ್ನು ಅವರು ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಹೋಲಿಸಿದರು. ಸಂಪತ್ತು, ಅಂಕ ಗಳಿಸಲು ಬರುವವರು ಡೈಮಂಡ್. ಮೂಲೆ ಮೂಲೆ ಅಗೆದು ನೋಡುವ ಕುತೂಹಲಿಗಳು ಇಸ್ಪೀಟು. ಇತರರನ್ನು ಬಡಿದು ಖುಷಿಪಡುವವರು ಕಳಾವರ್. ಮನುಷ್ಯರ ಒಡನಾಟಕ್ಕಾಗಿಯೇ ಬರುವವರು ಆಟೀನ್, ಅಂದರೆ ಹೃದಯ. ಈ ಕೊನೆಯವರಿಗೆ ಆಟವೆಂಬುದು ಬರಿಯ ನೆಪ. ಯಾರ ಪರೀಕ್ಷೆ ಹೇಗಾಯಿತು, ಯಾರ ಬೆಕ್ಕು ಮರಿ ಹಾಕಿತು ಎಂಬುದೇ ಅವರಿಗೆ ಮುಖ್ಯ. ಈ ಬಣ್ಣಗಳ ನಡುವಿನ ಸಮತೋಲ ಆಟದ ಬಾಳಿಕೆಗೆ ಮುಖ್ಯ ಎಂಬುದು ಬಾರ್ಟಲ್ ಅವರ ವಾದ. ಇಂದಿಗೂ ಆಟ ರೂಪಿಸುವವರು ಈ ಪ್ರಬಂಧವನ್ನು ಓದುತ್ತಾರೆ.

ಇದೇ ಪಾಠವನ್ನು ಅಮೆರಿಕದ ಲ್ಯೂಕಾಸ್ ಫಿಲ್ಮ್ ಸಂಸ್ಥೆ ಅದಕ್ಕೂ ಮೊದಲೇ ಸ್ವಲ್ಪ ಮುಖಭಂಗದೊಡನೆ ಕಲಿತಿತ್ತು. 1986ರಲ್ಲಿ ಅದು ‘ಹ್ಯಾಬಿಟ್ಯಾಟ್’ ಎಂಬ ಚಿತ್ರಸಹಿತ ಲೋಕವನ್ನು ಪ್ರಯೋಗಕ್ಕೆ ಬಿಟ್ಟಿತು. ನಿರ್ಮಾಪಕರು ವಾರಗಟ್ಟಲೆ ಬೆವರು ಸುರಿಸಿ ಒಂದು ನಿಧಿಶೋಧ ಸಿದ್ಧಪಡಿಸಿದರು. ಜನರಿಗೆ ಅದು ದಿನಗಟ್ಟಲೆ ಕೆಲಸ ಕೊಡುತ್ತದೆ ಎಂಬ ಭರವಸೆಯಿತ್ತು. ಒಬ್ಬ ಆಟಗಾರ ಸುಮಾರು 8 ಗಂಟೆಗಳಲ್ಲಿ ಅದನ್ನು ಭೇದಿಸಿಬಿಟ್ಟ! ಅತ್ತ ಯಾರೂ ಯೋಜಿಸದೆ ಇದ್ದದ್ದು ತಾನಾಗಿ ಬೆಳೆಯಿತು. ಆಟಗಾರರಲ್ಲೊಬ್ಬರು ವಾರಕ್ಕೆ ಹತ್ತಾರು ಗಂಟೆ ದುಡಿದು ಆ ಲೋಕಕ್ಕೊಂದು ಪತ್ರಿಕೆ ಹೊರಡಿಸಿದರು. ನಿಜಜೀವನದಲ್ಲಿ ಗ್ರೀಕ್ ಸಂಪ್ರದಾಯದ ಪಾದ್ರಿಯಾಗಿದ್ದ ಇನ್ನೊಬ್ಬರು ಅಲ್ಲೊಂದು ಮಠ ಸ್ಥಾಪಿಸಿ, ಶಿಷ್ಯರು ಆಯುಧ ಹಿಡಿಯಕೂಡದು, ಕದಿಯಕೂಡದು ಎಂದು ವಿಧಿಸಿದರು. ಇಂಥ ಲೋಕವನ್ನು ಮೇಲಿನಿಂದ ಯೋಜಿಸಿ ನಡೆಸಲಾಗದು, ಜನರ ಹಿಂದೆ ನಡೆಯಬೇಕು ಅಷ್ಟೇ ಎಂದು ನಿರ್ಮಾಪಕರು ಬಳಿಕ ಬರೆದರು.

ಕಾಯುವ ಹೊತ್ತಿನ ಮಾತು

1990ರ ದಶಕದ ಕೊನೆಗೆ ಅಂತರ್ಜಾಲ ಮನೆಮನೆಗೆ ಬಂದಾಗ ಆಟಗಳೂ ದೊಡ್ಡವಾದವು. 1997ರಲ್ಲಿ ‘ಅಲ್ಟಿಮಾ ಆನ್‌ಲೈನ್’, 1999ರ ಮಾರ್ಚ್‌ನಲ್ಲಿ ‘ಎವರ್‌ಕ್ವೆಸ್ಟ್’, 2004ರ ನವೆಂಬರ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದವು. ನೂರಾರು ಜನರ ಜಾಗದಲ್ಲಿ ಲಕ್ಷಾಂತರ ಜನ ಸೇರಿದರು.

ಎವರ್‌ಕ್ವೆಸ್ಟ್ ಬಹಳ ಕಷ್ಟದ ಆಟ. ಸ್ವಾರಸ್ಯವೆಂದರೆ ಅದರ ಕಷ್ಟವೇ ಅದರ ಸ್ನೇಹಕ್ಕೆ ಮೂಲವಾಯಿತು. ಒಂದು ಕಾಳಗವಾದ ಮೇಲೆ ಮಾಂತ್ರಿಕ ತನ್ನ ಶಕ್ತಿ ಮರಳುವವರೆಗೆ ಹಲವು ನಿಮಿಷ ಸುಮ್ಮನೆ ಕುಳಿತಿರಬೇಕಿತ್ತು. ಆ ಹೊತ್ತಿನಲ್ಲಿ ಮಾಡುವುದೇನು? ಪಕ್ಕದಲ್ಲಿ ಕುಳಿತವನನ್ನು ‘ಯಾವೂರು, ಏನು ಕೆಲಸ’ ಎಂದು ವಿಚಾರಿಸುವುದು. ಸತ್ತರೆ ಹೆಣ ಬಿದ್ದ ಜಾಗದಲ್ಲೇ ಆಟಗಾರನ ಸಕಲ ಸಾಮಗ್ರಿಯೂ ಉಳಿದುಬಿಡುತ್ತಿತ್ತು. ಅದನ್ನು ತರಲು ನಾಲ್ಕು ಜನ ಸಂಗಡಿಗರು ಬೇಕು. ಅರ್ಧರಾತ್ರಿಯಲ್ಲಿ ತನ್ನ ಕೆಲಸ ಬಿಟ್ಟು ಗುರುತಿಲ್ಲದವನ ಹೆಣ ಎಳೆದು ತಂದುಕೊಟ್ಟವನನ್ನು ಮರೆಯುವುದಾದರೂ ಹೇಗೆ? ವ್ಯಾಪಾರಕ್ಕೆಂದು ಆಟದೊಳಗಿನ ಒಂದು ಸುರಂಗದಲ್ಲಿ ಜನ ನೆರೆಯತೊಡಗಿದರು. ಅದನ್ನು ಸಂತೆ ಎಂದು ಯಾರೂ ಗೊತ್ತುಮಾಡಿರಲಿಲ್ಲ. ಜನ ನೆರೆದದ್ದರಿಂದ ಅದು ಸಂತೆಯಾಯಿತು.

ಜಪಾನಿನ ‘ಫೈನಲ್ ಫ್ಯಾಂಟಸಿ 11’ ಎಂಬ ಆಟದಲ್ಲಿ ಜಪಾನಿ ಮತ್ತು ಇಂಗ್ಲಿಷ್ ಭಾಷಿಕರನ್ನು ಒಂದೇ ಅಂಗಳದಲ್ಲಿ ಬಿಟ್ಟಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅದಕ್ಕಾಗಿ ‘ನಮಸ್ಕಾರ’, ‘ಸಹಾಯ ಮಾಡುವಿರಾ’, ‘ಧನ್ಯವಾದ’ ಎಂಬಂಥ ಸಿದ್ಧ ನುಡಿಗಳ ಕೋಶವೊಂದನ್ನು ಆಟದಲ್ಲೇ ಕೊಟ್ಟಿದ್ದರು. ಆರಿಸಿ ಒತ್ತಿದರೆ ಎದುರಿನವನಿಗೆ ಅವನ ಭಾಷೆಯಲ್ಲಿ ಕಾಣುತ್ತಿತ್ತು. ಅಷ್ಟರಿಂದಲೇ ಜನ ತಂಡ ಕಟ್ಟಿಕೊಂಡು ಆಡಿದರು.

ಈ ಸ್ನೇಹದ ಆಳವನ್ನು ಅಳೆಯಲು ಸಂಶೋಧಕರೂ ಮುಂದಾದರು. ನಿಕ್ ಯೀ ಎಂಬುವರು 2000ದ ನಂತರ ಮೂರು ವರ್ಷಗಳ ಅವಧಿಯಲ್ಲಿ ಸುಮಾರು 30,000 ಆಟಗಾರರಿಂದ ಉತ್ತರ ಸಂಗ್ರಹಿಸಿದರು. ಆಡುವವರೆಲ್ಲ ಶಾಲೆ ತಪ್ಪಿಸಿದ ಹುಡುಗರು ಎಂಬ ನಂಬಿಕೆ ಅಲ್ಲಿ ಸುಳ್ಳಾಯಿತು. ಸರಾಸರಿ ವಯಸ್ಸು 26 ದಾಟಿತ್ತು. ಆಟದ ಗೆಳೆಯರು ಹೊರಗಿನ ಗೆಳೆಯರಿಗೆ ಸಮಾನ ಅಥವಾ ಅವರಿಗಿಂತ ಮೇಲು ಎಂದವರು ಪುರುಷರಲ್ಲಿ ಶೇಕಡಾ 39, ಮಹಿಳೆಯರಲ್ಲಿ ಶೇಕಡಾ 53. ತಾವಾಗಿ ಮುಂದೆ ಬಂದು ಉತ್ತರಿಸಿದವರ ಲೆಕ್ಕ ಇದು ಎಂಬುದನ್ನು ನೆನಪಿಡಬೇಕು. ಆದರೂ ತಳ್ಳಿಹಾಕುವಷ್ಟು ಸಣ್ಣ ಸಂಖ್ಯೆಯಲ್ಲ.

ಮೂರನೆಯ ತಾಣ

ಮನುಷ್ಯನಿಗೆ ಮನೆ ಒಂದು ತಾಣ, ದುಡಿಯುವ ಜಾಗ ಎರಡನೆಯ ತಾಣ. ಇವೆರಡೂ ಅಲ್ಲದ, ಮೇಲುಕೀಳಿಲ್ಲದೆ ಕುಳಿತು ಮಾತಾಡುವ ಮೂರನೆಯ ತಾಣವೊಂದು ಬೇಕು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಬರೆದರು. ನಮ್ಮ ಹಳ್ಳಿಯ ಅರಳಿಕಟ್ಟೆ, ಪೇಟೆಯ ಹೋಟೆಲಿನ ಮೂಲೆಯ ಮೇಜು, ಕ್ಷೌರದಂಗಡಿಯ ಬೆಂಚು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಮೆರಿಕದ ಪೇಟೆಗಳಲ್ಲಿ ಇಂಥ ತಾಣಗಳು ಕಣ್ಮರೆಯಾಗುತ್ತಿವೆ ಎಂಬುದು ಅವರ ಕಳವಳವಾಗಿತ್ತು. ಕಾನ್‌ಸ್ಟನ್ಸ್ ಸ್ಟೈನ್‌ಕ್ಯೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ ಎಂಬ ಸಂಶೋಧಕರು 2006ರಲ್ಲಿ ಈ ಎಳೆಯನ್ನೇ ಹಿಡಿದು, ಆನ್‌ಲೈನ್ ಆಟದಂಗಳಗಳು ಹೊಸ ಕಾಲದ ಮೂರನೆಯ ತಾಣಗಳಾಗಿವೆ ಎಂದು ತೋರಿಸಿದರು. ಆದರೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಬಗೆಬಗೆಯ ಜನರ ಪರಿಚಯ ಮಾಡಿಸಲು ಈ ತಾಣಗಳು ಹೇಳಿ ಮಾಡಿಸಿದಂತಿವೆ. ಆಳವಾದ ಭಾವನಾತ್ಮಕ ಆಸರೆ ಮಾತ್ರ ಸಾಮಾನ್ಯವಾಗಿ ಇಲ್ಲಿ ಸಿಗುವುದಿಲ್ಲ.

ಕಟ್ಟೆಗೂ ಕಂಪ್ಯೂಟರಿಗೂ ಇರುವ ನಂಟಿಗೆ ಬೆಂಗಳೂರಿನಲ್ಲೂ ಒಂದು ಸಾಕ್ಷಿಯಿದೆ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ, ಕಾಫಿಯ ಜೊತೆಗೆ ಅಂತರ್ಜಾಲವನ್ನೂ ಒದಗಿಸುವ ಸೈಬರ್ ಕೆಫೆಯಾಗಿತ್ತು. ನಂತರ ಬಡಾವಣೆ ಬಡಾವಣೆಗಳಲ್ಲಿ ತಲೆಯೆತ್ತಿದ ಸೈಬರ್ ಅಂಗಡಿಗಳಲ್ಲಿ ಹುಡುಗರು ಸಾಲಾಗಿ ಕುಳಿತು ‘ಕೌಂಟರ್ ಸ್ಟ್ರೈಕ್’ ಆಡುತ್ತಿದ್ದ ದೃಶ್ಯ ಆ ಕಾಲದವರಿಗೆ ನೆನಪಿರಬಹುದು.

ರೋಗ ಬಂದಾಗ, ಪೆಟ್ಟು ಬಿದ್ದಾಗ

2005ರ ಸೆಪ್ಟೆಂಬರ್ 13ರಂದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಒಂದು ಅವಘಡ ನಡೆಯಿತು. ರಾಕ್ಷಸನೊಬ್ಬನಿಂದ ತಗಲುವ ಸಾಂಕ್ರಾಮಿಕ ಶಾಪವೊಂದು ಕಾರ್ಯಕ್ರಮದ ಲೋಪದಿಂದ ಹೊರಬಿದ್ದು, ಸಾಕುಪ್ರಾಣಿಗಳ ಮೂಲಕ ಆಟದ ಮಹಾನಗರಗಳಿಗೆ ಹಬ್ಬಿತು. ಹೊಸ ಆಟಗಾರರ ಪಾತ್ರಗಳು ಕ್ಷಣಾರ್ಧದಲ್ಲಿ ಉರುಳತೊಡಗಿದವು. ಕೆಲವರು ಊರು ಬಿಟ್ಟು ಓಡಿದರು. ಕೆಲವರು ಬೇಕೆಂದೇ ರೋಗ ಹರಡಿದರು. ಆದರೆ ವಾಸಿಮಾಡುವ ಶಕ್ತಿಯಿದ್ದ ಅನೇಕರು ಯಾರೂ ಕರೆಯದಿದ್ದರೂ ರೋಗ ಹಬ್ಬಿದ ಕಡೆಗೇ ಧಾವಿಸಿ ಶುಶ್ರೂಷೆಗೆ ನಿಂತರು. 2007ರಲ್ಲಿ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ವಿಜ್ಞಾನಿಗಳು ‘ಲ್ಯಾನ್ಸೆಟ್’ ಸಮೂಹದ ವೈದ್ಯಕೀಯ ಪತ್ರಿಕೆಯಲ್ಲಿ ಈ ಘಟನೆಯನ್ನೇ ಸಾಂಕ್ರಾಮಿಕ ರೋಗದ ಅಧ್ಯಯನಕ್ಕೆ ಉದಾಹರಣೆಯಾಗಿ ವಿಶ್ಲೇಷಿಸಿದರು.

ಐಸ್‌ಲೆಂಡಿನ ಸಂಸ್ಥೆಯೊಂದು 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಮೋಸ, ದರೋಡೆ, ಬೆನ್ನಿಗಿರಿತಗಳಿಗೆ ಕುಖ್ಯಾತವಾದ ಆಟ. ಅದರ ನಿಯಮಗಳೇ ಅವಕ್ಕೆ ಅವಕಾಶ ಕೊಡುತ್ತವೆ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ದಾಳಿ ನಡೆದಾಗ ಮಡಿದವರಲ್ಲಿ ಶಾನ್ ಸ್ಮಿತ್ ಎಂಬ ಅಧಿಕಾರಿಯೂ ಒಬ್ಬರು. ಈವ್ ಲೋಕದಲ್ಲಿ ಅವರು ‘ವೈಲ್ ರ್‍ಯಾಟ್’ ಎಂಬ ಹೆಸರಿನ ಪ್ರಸಿದ್ಧ ಸಂಧಾನಕಾರ. ಸುದ್ದಿ ಹಬ್ಬುತ್ತಲೇ ಆಟದ ನಿಲ್ದಾಣಗಳಿಗೆ ಶತ್ರುಮಿತ್ರರೆನ್ನದೆ ಆಟಗಾರರು ಅವರ ಹೆಸರಿಟ್ಟರು. ಅವರ ಕುಟುಂಬಕ್ಕೆಂದು ಒಂದು ಲಕ್ಷ ಡಾಲರಿಗೂ ಮೀರಿ ಹಣ ಕೂಡಿಸಿದರು. ಆ ಆಟದಲ್ಲಿ ನೌಕೆಗೆ ಪೆಟ್ಟು ಬಿದ್ದಾಗ ‘ರಿಪೇರಿ ಬೇಕು’ ಎಂದು ಸಂಗಡಿಗರಿಗೆ ಸಂಕೇತ ಬಿಡುವುದು ರೂಢಿ. ಅದೇ ಸಂಕೇತದ ಹೆಸರನ್ನಿಟ್ಟುಕೊಂಡು ಆಟಗಾರರು, ನಿಜಜೀವನದಲ್ಲಿ ಮನಸ್ಸಿಗೆ ಪೆಟ್ಟು ಬಿದ್ದವರ ಜೊತೆ ಮಾತಾಡುವ ಸ್ವಯಂಸೇವಕರ ಗುಂಪನ್ನೂ ಕಟ್ಟಿಕೊಂಡಿದ್ದಾರೆ.

ನಂಬಿದವರ ನಷ್ಟ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಮುಖ ಕಾಣದಲ್ಲಿ ಮೋಸಕ್ಕೂ ದಾರಿಯಿದೆ. ‘ಲೆಜೆಂಡ್‌ಮಡ್’ ಎಂಬ ಅಕ್ಷರದ ಆಟದಲ್ಲಿ ಕ್ಯಾರಿನ್ ಎಂಬ ಹೆಸರಿನ ಜನಪ್ರಿಯ ಆಟಗಾರ್ತಿಯಿದ್ದಳು. 1998ರಲ್ಲಿ ಆಕೆ ರಸ್ತೆ ಅಪಘಾತದಲ್ಲಿ ಸತ್ತಳೆಂಬ ಸುದ್ದಿ ಬಂತು. ಗೆಳೆಯರು ಅತ್ತರು. ಆಟದೊಳಗೆ ಅವಳ ನೆನಪಿಗೆ ತೋಟವೊಂದನ್ನು ಬೆಳೆಸಿದರು. ಆಟದ ನಿರ್ಮಾಪಕರಲ್ಲೊಬ್ಬರಾದ ರಾಫ್ ಕಾಸ್ಟರ್ ಬರೆದ ಶ್ರದ್ಧಾಂಜಲಿ ಜಗತ್ತಿನೆಲ್ಲೆಡೆ ಓದುಗರನ್ನು ಕಲಕಿತು. 2003ರಲ್ಲಿ ಟ್ರೇಸಿ ಸ್ಪೈಟ್ ಎಂಬ ಬರಹಗಾರ ಇದರ ಜಾಡು ಹಿಡಿದು ಹೋದಾಗ ಅಪಘಾತವೇ ಕಟ್ಟುಕಥೆ ಎಂದು ಕಂಡುಬಂತು. ಆ ಹೆಸರಿನ ಹಿಂದೆ ಇದ್ದವರು ಬೇರೆ ಯಾರೋ. ಸಾವು ಸುಳ್ಳಾದರೂ ಅತ್ತವರ ಕಣ್ಣೀರು ಸುಳ್ಳಾಗಿರಲಿಲ್ಲ. ವಂಚನೆ ನೋಯಿಸುವುದೇ ಆ ಕಾರಣಕ್ಕೆ.

ಇನ್ನು ನಮ್ಮಲ್ಲಿ ‘ಆನ್‌ಲೈನ್ ಆಟ’ ಎಂದರೆ ಮೊದಲು ನೆನಪಾಗುವುದು ಹಣ ಕಳೆದುಕೊಂಡು ಬೀದಿಗೆ ಬಿದ್ದವರ ಸುದ್ದಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು. ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಅವುಗಳಿಂದ ಬೇರ್ಪಡಿಸಿ ನೋಡಿತು. ಕಾನೂನು ಎಳೆದ ಈ ಗೆರೆಯನ್ನು ಮನೆಯ ಹಿರಿಯರೂ ಗಮನಿಸುವುದು ಒಳ್ಳೆಯದು. ಜೂಜುಕಟ್ಟೆಯಲ್ಲಿ ಕುಳಿತ ಮಗನೂ ಹರಟೆಕಟ್ಟೆಯಲ್ಲಿ ಕುಳಿತ ಮಗನೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತಾರೆ.

ಮಗನ ಇನ್ನೊಂದು ಮುಖ

ಮಾಟ್ಸ್‌ನ ತಂದೆ-ತಾಯಿಗೂ ಹೀಗೇ ಆಗಿತ್ತು. ಅವರಿಗೆ ಕಂಡದ್ದು ಪರದೆಯ ಎದುರಿನ ಬೆನ್ನು ಮಾತ್ರ. ಪರದೆಯ ಒಳಗೆ ಅವನು ‘ಇಬೆಲಿನ್’ ಎಂಬ ಗಟ್ಟಿಮುಟ್ಟಾದ ವೀರ. ಆಟಕ್ಕೆ ಬಂದಕೂಡಲೇ ಅರ್ಧ ಗಂಟೆ ಓಡುವುದು ಅವನ ನಿತ್ಯದ ಅಭ್ಯಾಸ. ನಡೆಯಲಾರದ ಹುಡುಗನಿಗೆ ಆ ಓಟ ಏನಾಗಿತ್ತೆಂದು ಊಹಿಸಬಹುದು. ‘ಸ್ಟಾರ್‌ಲೈಟ್’ ಎಂಬ ಆಟಗಾರರ ಸಂಘದಲ್ಲಿ ಅವನು ಬೇಕಾದವನು. ಮನೆಯವರು ಕಂಪ್ಯೂಟರ್ ಕಿತ್ತುಕೊಂಡಾಗ ಗೆಳತಿಯೊಬ್ಬಳು ಕಂಗೆಟ್ಟಳು. ಮಾಟ್ಸ್ ಅವಳ ತಂದೆ-ತಾಯಿಗೆ ಕಾಗದ ಬರೆದ. ಆಟಿಸಂ ಇದ್ದ ಮಗನನ್ನು ತಲುಪಲಾರದೆ ಬಳಲುತ್ತಿದ್ದ ತಾಯಿಯೊಬ್ಬಳಿಗೆ, ಆಟದ ಮೂಲಕವೇ ಅವನ ಹತ್ತಿರ ಹೋಗುವ ದಾರಿ ತೋರಿಸಿದ. ಹಾಗೆಂದು ಅವನೇನೂ ಸಂತನಲ್ಲ. ಸಿಟ್ಟಿನಿಂದ ಕಟುವಾಗಿ ನಡೆದುಕೊಂಡು ಗೆಳೆಯರನ್ನು ನೋಯಿಸಿದ್ದೂ ಉಂಟು. ತನ್ನ ಕಾಯಿಲೆಯನ್ನು ಅವನು ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಕೊನೆಗೆ ಹೇಳಿಕೊಂಡಾಗ ಯಾರೂ ದೂರ ಸರಿಯಲಿಲ್ಲ.

ಸಂಶೋಧಕರು ‘ಸಾಮಾನ್ಯವಾಗಿ ಇಲ್ಲಿ ಸಿಗುವುದಿಲ್ಲ’ ಎಂದ ಆಸರೆ ಇಲ್ಲಿ ಸಿಕ್ಕಿತ್ತು. ಸಿಕ್ಕದ್ದು ಒಂದು ದಿನದಲ್ಲಲ್ಲ, ದಿನವೂ ಅದೇ ಜನ ಅದೇ ಜಾಗದಲ್ಲಿ ವರ್ಷಗಟ್ಟಲೆ ಕೂಡಿದ್ದರಿಂದ. ಸಂಘದವರು ಆಟದೊಳಗಿನ ಮಾತುಕತೆಗಳನ್ನು ದಾಖಲಿಸಿ ಇಟ್ಟಿದ್ದರು. ಆ ದಾಖಲೆ 42,000 ಪುಟ. ಅದನ್ನು ಆಧರಿಸಿ ಬೆಂಜಮಿನ್ ರೀ ನಿರ್ದೇಶಿಸಿದ ಸಾಕ್ಷ್ಯಚಿತ್ರ 2024ರಲ್ಲಿ ತೆರೆಕಂಡು, ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು.

ಆಸ್ಲೋದ ಆ ಅಂತ್ಯಸಂಸ್ಕಾರಕ್ಕೆ ಬರಲು ಪ್ರಯಾಣದ ಖರ್ಚಿಗಿಲ್ಲದವರಿಗಾಗಿ ಸಂಘದ ಸದಸ್ಯರೇ ಚಂದಾ ಎತ್ತಿದ್ದರು. ಶವಪೆಟ್ಟಿಗೆಯ ಮೇಲೆ ಸ್ಟಾರ್‌ಲೈಟ್ ಸಂಘದ ಧ್ವಜ ಹೊದಿಸಲಾಗಿತ್ತು. ಮಗ ಒಂಟಿಯಾಗಿ ಬಾಳಿದ ಎಂದು ಕೊರಗುತ್ತಿದ್ದ ತಂದೆ-ತಾಯಿ, ಅವನನ್ನು ತಮಗಿಂತ ಬೇರೊಂದು ಬಗೆಯಲ್ಲಿ ಬಲ್ಲ ಐದು ಜನ ಅಪರಿಚಿತರ ಜೊತೆ ನಿಂತು ಅವನನ್ನು ಬೀಳ್ಕೊಟ್ಟರು. ಮಗ ಬದುಕಿದ್ದಾಗ ‘ಆ ಕಡೆ ಯಾರಿದ್ದಾರೆ?’ ಎಂದು ಒಂದು ಸಂಜೆ ಪಕ್ಕದಲ್ಲಿ ಕುಳಿತು ಕೇಳಿದ್ದರೆ, ಆ ಐವರ ಹೆಸರೂ ಅವರಿಗೆ ಆಗಲೇ ಗೊತ್ತಿರುತ್ತಿತ್ತು.